ಲ್ಯಾಪ್‌ಟಾಪ್ ಕೆಟ್ಟಿತು, ಕಸ್ಟಮರ್ ಕೇರ್ ಕೈಕೊಟ್ಟಿತು: ಕೋಲ್ಕತ್ತದಲ್ಲಿ ಕೊಂಡದ್ದಕ್ಕೆ ಕರ್ನಾಟಕದಲ್ಲೇ ದೂರು ಕೊಡಬಹುದೇ?

ಲ್ಯಾಪ್‌ಟಾಪ್ ಕೊಂಡು ನಾಲ್ಕು ತಿಂಗಳೂ ಆಗಿರುವುದಿಲ್ಲ, ಕೆಲಸದ ನಡುವೆ ಇದ್ದಕ್ಕಿದ್ದಂತೆ ಆಫ್ ಆಗಲು ಶುರುವಾಗುತ್ತದೆ. ಕಸ್ಟಮರ್ ಕೇರ್‌ಗೆ ಕರೆ ಮಾಡಿದರೆ 'ರೀಸ್ಟಾರ್ಟ್ ಮಾಡಿ ನೋಡಿ ಸರ್' ಎಂಬ ಉತ್ತರ. ಸರ್ವೀಸ್ ಸೆಂಟರ್‌ಗೆ ಹೊತ್ತುಕೊಂಡು ಹೋದರೆ ಅಲ್ಲಿ ಅದು ಗಂಟೆಗಟ್ಟಲೆ ಸೊಗಸಾಗಿ ಓಡುತ್ತದೆ. 'ಸಮಸ್ಯೆ ಕಂಡುಬಂದಿಲ್ಲ' ಎಂದು ಬರೆದು ವಾಪಸ್ ಕೊಡುತ್ತಾರೆ. ಮನೆಗೆ ಬಂದ ಮರುದಿನ ಮತ್ತೆ ಅದೇ ಕಥೆ.

ಈ ಅನುಭವ ದೇಶದ ಯಾವ ಊರಿನಲ್ಲಾದರೂ ಆಗಬಹುದು. ಆದರೆ ಇದನ್ನು ಅರ್ಥ ಮಾಡಿಕೊಳ್ಳಲು ಕೋಲ್ಕತ್ತದಷ್ಟು ಒಳ್ಳೆಯ ಜಾಗ ಮತ್ತೊಂದಿಲ್ಲ. ಸಾಲ್ಟ್ ಲೇಕ್‌ನ ಸೆಕ್ಟರ್ 5ರಲ್ಲಿ ಐಟಿ ಕಂಪನಿಗಳು, ಕಾಲ್ ಸೆಂಟರ್‌ಗಳು ಸಾಲುಗಟ್ಟಿವೆ. ಅದೇ ಸೆಕ್ಟರ್ 5ರಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳನ್ನು ಪರೀಕ್ಷಿಸುವ ಕೇಂದ್ರ ಸರ್ಕಾರದ ಪ್ರಯೋಗಾಲಯವೂ ಇದೆ. ಊರಿನ ಮಧ್ಯದ ಚಾಂದನಿ ಚೌಕ್ ಮಾರುಕಟ್ಟೆಯಲ್ಲಿ ಸತ್ತ ಮದರ್‌ಬೋರ್ಡ್‌ಗೆ ಜೀವ ಕೊಡುವ ಮೆಕ್ಯಾನಿಕ್‌ಗಳು ಕೂತಿರುತ್ತಾರೆ. ಮಿರ್ಜಾ ಗಾಲಿಬ್ ರಸ್ತೆಯಲ್ಲಿ 'ಕ್ರೇತಾ ಸುರಕ್ಷಾ ಭವನ', ಅಂದರೆ ಗ್ರಾಹಕ ರಕ್ಷಣಾ ಭವನವಿದೆ. ಇವುಗಳ ಜೊತೆಗೆ, ನಕಲಿ 'ಟೆಕ್ ಸಪೋರ್ಟ್' ದಂಧೆಯ ಅಡ್ಡೆ ಎಂಬ ಕೆಟ್ಟ ಹೆಸರೂ ಈ ನಗರಕ್ಕೆ ಅಂಟಿಕೊಂಡಿದೆ.

ಇದರಲ್ಲಿ ಕನ್ನಡಿಗರಿಗೂ ಒಂದು ನಂಟಿದೆ. ಲೆನೊವೊ, ಡೆಲ್, ಏಸರ್ ಕಂಪನಿಗಳ ಭಾರತದ ಮುಖ್ಯ ಕಚೇರಿ ಇರುವುದು ಬೆಂಗಳೂರಿನಲ್ಲಿ. ಹೌರಾದ ಗ್ರಾಹಕನೊಬ್ಬ ಈ ಕಂಪನಿಗಳಿಗೆ ನೋಟಿಸ್ ಕಳುಹಿಸಬೇಕೆಂದರೂ ವಿಳಾಸದಲ್ಲಿ ಬರೆಯಬೇಕಾದ್ದು ಬೆಂಗಳೂರಿನ ಪಿನ್‌ಕೋಡ್. ಇನ್ನು ಓದಲು, ಕೆಲಸ ಮಾಡಲು ಕೋಲ್ಕತ್ತಕ್ಕೆ ಹೋದ ಕನ್ನಡಿಗರು ಅಲ್ಲಿ ಕೊಂಡ ಲ್ಯಾಪ್‌ಟಾಪ್ ಕೆಟ್ಟರೆ ಎಲ್ಲಿ ದೂರು ಕೊಡಬೇಕು? ಅಲ್ಲಿಯೋ, ಬೆಂಗಳೂರಿನಲ್ಲೋ, ಅಥವಾ ತಮ್ಮ ಊರಿನಲ್ಲೋ? ಐದು ಆರು ವರ್ಷಗಳ ಹಿಂದೆ ಇದ್ದ ಉತ್ತರ ಬೇರೆ, ಈಗಿನ ಉತ್ತರ ಬೇರೆ.

ಫೋನಿನ ಆ ತುದಿಯಲ್ಲಿ ಏನು ನಡೆಯುತ್ತದೆ?

ಮೊದಲು, ಕಸ್ಟಮರ್ ಕೇರ್‌ಗೆ ಕರೆ ಮಾಡಿದಾಗ ಯಾಕೆ ಅಷ್ಟು ಸಿಟ್ಟು ಬರುತ್ತದೆ ಎಂಬುದನ್ನು ನೋಡೋಣ. ಬಹುತೇಕ ಕಂಪನಿಗಳು ತಾಂತ್ರಿಕ ನೆರವನ್ನು ಹಂತಹಂತವಾಗಿ ಕಟ್ಟಿರುತ್ತವೆ. ಮೊದಲು ಫೋನ್ ಎತ್ತುವವರು ಎಂಜಿನಿಯರ್ ಆಗಿರಬೇಕೆಂದೇನೂ ಇಲ್ಲ. ಅವರ ಮುಂದಿನ ಪರದೆಯಲ್ಲಿ ಪ್ರಶ್ನೆಗಳ ಪಟ್ಟಿ ಇರುತ್ತದೆ. ಚಾರ್ಜರ್ ಹಾಕಿದ್ದೀರಾ, ವಿಂಡೋಸ್ ಅಪ್‌ಡೇಟ್ ಮಾಡಿದ್ದೀರಾ, ರೀಸೆಟ್ ಮಾಡಿದ್ದೀರಾ... ಈ ಪಟ್ಟಿ ಮುಗಿಯದೆ ಕರೆಯನ್ನು ಮೇಲಿನ ಹಂತಕ್ಕೆ ಕಳುಹಿಸುವಂತಿಲ್ಲ. ಎಷ್ಟು ನಿಮಿಷದಲ್ಲಿ ಕರೆ ಮುಗಿಯಿತು, ದಿನಕ್ಕೆ ಎಷ್ಟು ಟಿಕೆಟ್ ಕ್ಲೋಸ್ ಆಯಿತು ಎಂಬುದರ ಮೇಲೆ ಅವರ ಕೆಲಸದ ಅಳತೆ ನಡೆಯುತ್ತದೆ.

ಹೀಗಾಗಿ ನಿಮ್ಮ ಲ್ಯಾಪ್‌ಟಾಪ್ ಸರಿಯಾಯಿತೇ ಎಂಬುದಕ್ಕಿಂತ ನಿಮ್ಮ ಟಿಕೆಟ್ ಮುಚ್ಚಿತೇ ಎಂಬುದು ಆ ವ್ಯವಸ್ಥೆಗೆ ಮುಖ್ಯವಾಗುತ್ತದೆ. ಫೋನಿನಲ್ಲಿ ಮಾತಾಡುವ ಹುಡುಗನ ಮೇಲೆ ರೇಗಿ ಪ್ರಯೋಜನವಿಲ್ಲ. ಬಿಡಿಭಾಗ ಕಳುಹಿಸುವ ಅಧಿಕಾರ ಅವನಿಗಿಲ್ಲ, ನಾಳೆ ನೀವು ಕರೆ ಮಾಡಿದರೆ ಫೋನ್ ಎತ್ತುವವನೂ ಅವನಲ್ಲ.

ಇನ್ನು ಸರ್ವೀಸ್ ಸೆಂಟರ್. ಅನೇಕ ಕಡೆ ಅದನ್ನು ನಡೆಸುವುದು ಕಂಪನಿಯಲ್ಲ, ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ ಮತ್ತೊಂದು ಸಂಸ್ಥೆ. ವಾರಂಟಿಯಲ್ಲಿ ಮದರ್‌ಬೋರ್ಡ್ ಬದಲಿಸಬೇಕಾದರೆ ಅದು ಕಂಪನಿಯ ಒಪ್ಪಿಗೆ ಕೇಳಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇಲ್ಲಿ ತಿರುಗುಮುರುಗು. ಪೂಜಾರಿಗೆ ಕೊಡುವ ಮನಸ್ಸಿದ್ದರೂ ಕೈಯಲ್ಲಿ ವರವಿಲ್ಲ. ಅಂಗಡಿಯವನು 'ಕಂಪನಿಯನ್ನು ಕೇಳಿ' ಎನ್ನುತ್ತಾನೆ, ಕಂಪನಿ 'ಸರ್ವೀಸ್ ಸೆಂಟರ್‌ಗೆ ಹೋಗಿ' ಎನ್ನುತ್ತದೆ.

'ಸಮಸ್ಯೆ ಕಂಡುಬಂದಿಲ್ಲ' ಎಂದರೇನು?

ಗ್ರಾಹಕರನ್ನು ಹೆಚ್ಚು ಕಾಡುವ ಮಾತು ಇದು. ತಂತ್ರಜ್ಞ ಸುಳ್ಳು ಹೇಳುತ್ತಿದ್ದಾನೆ ಎಂದೇ ಎಲ್ಲರಿಗೂ ಅನಿಸುತ್ತದೆ. ನಿಜ ಏನೆಂದರೆ, ಎಲೆಕ್ಟ್ರಾನಿಕ್ಸ್‌ನಲ್ಲಿ ಪತ್ತೆ ಮಾಡಲು ಅತಿ ಕಷ್ಟದ ದೋಷವೇ ಆಗಾಗ ಬಂದು ಹೋಗುವ ದೋಷ. ಮದರ್‌ಬೋರ್ಡ್‌ನ ಚಿಪ್ ಕೆಳಗಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ, ಲ್ಯಾಪ್‌ಟಾಪ್ ಕಾದು ಲೋಹ ಹಿಗ್ಗಿದಾಗ ಸಂಪರ್ಕ ತಪ್ಪುತ್ತದೆ. ಆರಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಹವಾನಿಯಂತ್ರಿತ ಸರ್ವೀಸ್ ಸೆಂಟರ್‌ನ ಮೇಜಿನ ಮೇಲೆ ಅರ್ಧ ಗಂಟೆ ಓಡಿಸಿದರೆ ಅದು ಕಾಣಿಸದೇ ಹೋಗಬಹುದು. ಮೇ ತಿಂಗಳ ಕೋಲ್ಕತ್ತದಲ್ಲಿ, ಫ್ಯಾನ್ ಕೆಳಗೆ, ಹಾಸಿಗೆಯ ಮೇಲಿಟ್ಟು ನಾಲ್ಕು ಗಂಟೆ ಓಡಿಸಿದರೆ ಕಾಣಿಸಬಹುದು.

ಇದಕ್ಕೆ ಒಂದೇ ಉಪಾಯ. ದೋಷ ಬಂದ ಕ್ಷಣವನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿ. ಪರದೆ ಮಿನುಗುವುದು, ತಾನಾಗಿ ಆಫ್ ಆಗುವುದು, ನೀಲಿ ಪರದೆಯ ಮೇಲಿನ ಸಂಕೇತ ಎಲ್ಲವೂ ಕಾಣುವಂತಿರಲಿ. ಲ್ಯಾಪ್‌ಟಾಪ್‌ನ ಕೆಳಗಿರುವ ಸೀರಿಯಲ್ ನಂಬರ್ ಕೂಡ ಅದೇ ವಿಡಿಯೊದಲ್ಲಿ ಬಂದರೆ ಇನ್ನೂ ಒಳ್ಳೆಯದು.

ಇದರ ಜೊತೆಗೆ ಬರುವ ಇನ್ನೊಂದು ಉತ್ತರ: 'ಒಳಗೆ ನೀರು ಹೋಗಿದೆ, ವಾರಂಟಿ ಇಲ್ಲ.' ಹಲವು ಉಪಕರಣಗಳ ಒಳಗೆ ನೀರು ತಾಗಿದರೆ ಬಣ್ಣ ಬದಲಿಸುವ ಪುಟ್ಟ ಪಟ್ಟಿಗಳಿರುತ್ತವೆ. ಅದು ಕೆಂಪಾಗಿದ್ದರೆ ತಪ್ಪು ಗ್ರಾಹಕನದು ಎಂದು ತೀರ್ಮಾನವಾಗುತ್ತದೆ. ಗಾಳಿಯಲ್ಲೇ ನೀರು ತುಂಬಿರುವ ಗಂಗೆಯ ಬಯಲಿನಲ್ಲಿ, ನಮ್ಮ ಕರಾವಳಿಯಲ್ಲಿ ಈ ಪರೀಕ್ಷೆ ಎಷ್ಟು ಸರಿ? ಅಮೆರಿಕದಲ್ಲಿ ಈ ಪ್ರಶ್ನೆ ನ್ಯಾಯಾಲಯಕ್ಕೇ ಹೋಗಿತ್ತು. ಐಫೋನ್, ಐಪಾಡ್‌ಗಳ ಪಟ್ಟಿ ಬರೀ ತೇವಾಂಶಕ್ಕೂ ಬಣ್ಣ ಬದಲಿಸುತ್ತದೆ ಎಂದು ಗ್ರಾಹಕರು ವಾದಿಸಿದ್ದರು. ತಪ್ಪು ಒಪ್ಪಿಕೊಳ್ಳದೆಯೇ 2013ರಲ್ಲಿ ಆ್ಯಪಲ್ 5.3 ಕೋಟಿ ಡಾಲರ್ ಕೊಟ್ಟು ಪ್ರಕರಣ ಬಗೆಹರಿಸಿಕೊಂಡಿತು. ಹಾಗಾಗಿ ಬರೀ ಪಟ್ಟಿಯ ಬಣ್ಣ ತೋರಿಸಿದರೆ ಸುಮ್ಮನಾಗಬೇಡಿ. ಬೋರ್ಡ್ ಮೇಲೆ ತುಕ್ಕು ಅಥವಾ ನೀರಿನ ಕಲೆ ಎಲ್ಲಿದೆ ಎಂದು ಫೋಟೊ ಸಮೇತ ಲಿಖಿತವಾಗಿ ಕೇಳಿ.

ಇಡೀ ಮಾದರಿಯ ವಿನ್ಯಾಸದಲ್ಲೇ ದೋಷವಿರುವ ಸಂದರ್ಭಗಳೂ ಇವೆ. 2006ರಲ್ಲಿ ಬೆಂಕಿಯ ಅಪಾಯವಿದೆಯೆಂದು ಡೆಲ್ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ವಾಪಸ್ ಕರೆಸಿಕೊಂಡಿತ್ತು. ಅವು ಸೋನಿ ತಯಾರಿಸಿದ್ದವು. ಆ್ಯಪಲ್‌ನ 'ಬಟರ್‌ಫ್ಲೈ' ಕೀಬೋರ್ಡ್ ಪ್ರಕರಣ ಅಮೆರಿಕದಲ್ಲಿ 2022ರಲ್ಲಿ 5 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ನಿಮ್ಮ ಮಾದರಿಯಲ್ಲೇ ಇತರರಿಗೂ ಅದೇ ತೊಂದರೆ ಆಗಿದೆಯೇ ಎಂದು ಹುಡುಕಿ ನೋಡುವುದು ವ್ಯರ್ಥವಲ್ಲ. ಆದರೆ ಹೀಗೆ ಗೂಗಲ್‌ನಲ್ಲಿ ಹುಡುಕುವಾಗಲೇ ಇನ್ನೊಂದು ಗುಂಡಿ ಕಾದಿರುತ್ತದೆ.

ಅಸಲಿ ನಂಬರ್ ಸಿಗದಿದ್ದಾಗ ನಕಲಿ ನಂಬರ್ ಸಿಗುತ್ತದೆ

ಅಸಲಿ ಕಸ್ಟಮರ್ ಕೇರ್ ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ ಕರೆ ಕಡಿದರೆ, ಬೇಸತ್ತವರು ಇಂಟರ್‌ನೆಟ್‌ನಲ್ಲಿ 'ಹೆಲ್ಪ್‌ಲೈನ್ ನಂಬರ್' ಎಂದು ಹುಡುಕುತ್ತಾರೆ. ಅಲ್ಲಿ ಕಾಣುವ ಮೊದಲ ನಂಬರ್ ವಂಚಕರದ್ದಾಗಿರಬಹುದು. ಅಲ್ಲಿ ಮಾತ್ರ ಮೊದಲ ರಿಂಗ್‌ಗೇ ಫೋನ್ ಎತ್ತುತ್ತಾರೆ. ಮಾತು ಮಧುರ, ತಾಳ್ಮೆ ಅಪಾರ. ಅಸಲಿಗಿಂತ ನಕಲಿಯೇ ಸಭ್ಯ ಎನ್ನುವುದು ಈ ದಂಧೆಯ ದೊಡ್ಡ ವ್ಯಂಗ್ಯ.

ಕೋಲ್ಕತ್ತದ ಹೆಸರು ಇಲ್ಲಿ ಮತ್ತೆ ಬರುತ್ತದೆ. ಅಮೆರಿಕ, ಬ್ರಿಟನ್‌ನ ವೃದ್ಧರಿಗೆ 'ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ' ಎಂದು ಹೆದರಿಸಿ ಹಣ ಕೀಳುವ ನಕಲಿ ಕಾಲ್ ಸೆಂಟರ್‌ಗಳ ಮೇಲೆ ಅಲ್ಲಿನ ಪೊಲೀಸರು ಹಲವು ಬಾರಿ ದಾಳಿ ಮಾಡಿದ್ದಾರೆ. 2022ರಲ್ಲಿ ಅಮೆರಿಕದ ಯೂಟ್ಯೂಬರ್ ಮಾರ್ಕ್ ರೋಬರ್ ಕೋಲ್ಕತ್ತದ ಇಂಥ ಕಚೇರಿಗಳ ಒಳಗನ್ನು ತೋರಿಸಿದ ವಿಡಿಯೊ ಜಗತ್ತಿನಾದ್ಯಂತ ಸುದ್ದಿಯಾಯಿತು. 2023ರ ಅಕ್ಟೋಬರ್‌ನಲ್ಲಿ ಸಿಬಿಐ 'ಆಪರೇಷನ್ ಚಕ್ರ-2' ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತು. ಟೆಕ್ ಸಪೋರ್ಟ್ ವಂಚನೆ ಬಗ್ಗೆ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ನೀಡಿದ ದೂರುಗಳು ಅದರ ಹಿಂದಿದ್ದ ಪ್ರಕರಣಗಳಲ್ಲಿ ಸೇರಿದ್ದವು. ಹಾಗೆಂದು ಇದು ಕೋಲ್ಕತ್ತಕ್ಕಷ್ಟೇ ಅಂಟಿದ ರೋಗವಲ್ಲ. ಗುರುಗ್ರಾಮ, ನೋಯ್ಡಾಗಳಲ್ಲೂ ಇಂಥ ದಾಳಿಗಳು ನಡೆದಿವೆ. ಸಾಲ್ಟ್ ಲೇಕ್‌ನಲ್ಲಿ ಪ್ರಾಮಾಣಿಕವಾಗಿ ದುಡಿಯುವ ಸಾವಿರಾರು ಹುಡುಗ ಹುಡುಗಿಯರಿಗೆ ಈ ಹಣೆಪಟ್ಟಿ ಅನ್ಯಾಯವೇ ಸರಿ.

ವಂಚಕರ ವಿಧಾನ ಎಲ್ಲೆಡೆ ಒಂದೇ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆ್ಯಪ್ ಹಾಕಿಕೊಳ್ಳಲು ಹೇಳುತ್ತಾರೆ. ಆ್ಯಪ್‌ಗಳು ತಾವಾಗಿ ಕೆಟ್ಟವಲ್ಲ, ಆದರೆ ಅದರ ಕೋಡ್ ಹೇಳಿದ ಕ್ಷಣ ನಿಮ್ಮ ಪರದೆ ಅವರ ಕೈಗೆ ಹೋಗುತ್ತದೆ. ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ದುರ್ಬಳಕೆ ಬಗ್ಗೆ 2019ರ ಫೆಬ್ರವರಿಯಲ್ಲೇ ಬ್ಯಾಂಕ್‌ಗಳನ್ನು ಎಚ್ಚರಿಸಿತ್ತು. ಮೈಕ್ರೋಸಾಫ್ಟ್ ತನ್ನ ದೋಷ ಸಂದೇಶಗಳಲ್ಲಿ ಎಂದೂ ಫೋನ್ ನಂಬರ್ ಹಾಕುವುದಿಲ್ಲ. ಪರದೆಯ ಮೇಲೆ ನಂಬರ್ ಕಂಡರೆ ಅದು ಸುಳ್ಳು ಎಂದೇ ತಿಳಿಯಿರಿ. ಸಹಾಯವಾಣಿ ನಂಬರ್ ಬೇಕಿದ್ದರೆ ಲ್ಯಾಪ್‌ಟಾಪ್ ಜೊತೆ ಬಂದ ವಾರಂಟಿ ಪುಸ್ತಕದಿಂದ ಅಥವಾ ಕಂಪನಿಯ ಸ್ವಂತ ವೆಬ್‌ಸೈಟ್‌ನಿಂದ ಮಾತ್ರ ತೆಗೆದುಕೊಳ್ಳಿ. ಹಣ ಹೋಗಿದ್ದರೆ ಒಂದು ನಿಮಿಷವೂ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು.

ಚಾಂದನಿ ಚೌಕ್, ಎಸ್‌ಪಿ ರಸ್ತೆಯ ದಾರಿ

ಸರ್ವೀಸ್ ಸೆಂಟರ್ ಬೇಡವೆನಿಸಿದವರು ಹಿಡಿಯುವ ಇನ್ನೊಂದು ದಾರಿ ಹೊರಗಿನ ಮೆಕ್ಯಾನಿಕ್. ನಮಗೆ ಬೆಂಗಳೂರಿನ ಎಸ್‌ಪಿ ರಸ್ತೆ ಹೇಗೋ ಕೋಲ್ಕತ್ತದವರಿಗೆ ಚಾಂದನಿ ಚೌಕ್ ಹಾಗೆ. ಕಂಪನಿಯ ಸೆಂಟರ್‌ನಲ್ಲಿ ಮದರ್‌ಬೋರ್ಡ್ ಕೆಟ್ಟರೆ ಇಡೀ ಬೋರ್ಡ್ ಬದಲಿಸುತ್ತಾರೆ. ವಾರಂಟಿ ಮುಗಿದಿದ್ದರೆ ಆ ಖರ್ಚು ಹೊಸ ಲ್ಯಾಪ್‌ಟಾಪ್‌ನ ಅರ್ಧ ಬೆಲೆಗೆ ಹತ್ತಿರ ಬರುವುದೂ ಉಂಟು. ಮಾರುಕಟ್ಟೆಯ ನುರಿತ ಮೆಕ್ಯಾನಿಕ್ ಅದೇ ಬೋರ್ಡ್‌ನಲ್ಲಿ ಕೆಟ್ಟ ಒಂದೇ ಚಿಪ್ ಹುಡುಕಿ, ಬೆಸುಗೆ ಬಿಡಿಸಿ, ಬೇರೆಯದನ್ನು ಕೂರಿಸುತ್ತಾನೆ. ವಾರಂಟಿ ಮುಗಿದವರಿಗೆ ಇದು ಜಾಣತನ. ವಾರಂಟಿ ಇರುವಾಗ ಹೊರಗೆ ಬಿಚ್ಚಿಸಿದರೆ ಮಾತ್ರ ಕಂಪನಿಯ ಕೈಗೆ ನೀವೇ ನೆಪ ಕೊಟ್ಟಂತೆ.

ಬಿಡಿಭಾಗಗಳನ್ನು ತನ್ನ ಹಿಡಿತದಲ್ಲೇ ಇಟ್ಟುಕೊಳ್ಳುವುದು ಎಷ್ಟು ನ್ಯಾಯ ಎಂಬ ಪ್ರಶ್ನೆ ಭಾರತದಲ್ಲಿ ದೊಡ್ಡದಾಗಿ ಎದ್ದದ್ದು ಕಾರುಗಳ ವಿಷಯದಲ್ಲಿ. ಹೊರಗಿನ ಗ್ಯಾರೇಜ್‌ಗಳಿಗೆ ಬಿಡಿಭಾಗ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಹೋದವು. ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ದುರಸ್ತಿ ಹಕ್ಕು' ಕುರಿತು ಸಮಿತಿ ಮಾಡಿ, ಅದೇ ವರ್ಷ ಡಿಸೆಂಬರ್ 24ರಂದು ಪೋರ್ಟಲ್ ಆರಂಭಿಸಿತು. ಕಂಪನಿಗಳ ದುರಸ್ತಿ ಮಾಹಿತಿ, ವಾರಂಟಿ ನಿಯಮ ಅಲ್ಲಿ ಒಂದೇ ಕಡೆ ಸಿಗಬೇಕೆಂಬುದು ಉದ್ದೇಶ. ಆದರೆ ಪೋರ್ಟಲ್ ಇದೆ ಎಂದ ಮಾತ್ರಕ್ಕೆ ಕಂಪನಿ ಬಿಡಿಭಾಗ ಕೊಡಲೇಬೇಕೆಂಬ ಕಾನೂನು ಬಂದಂತಾಗಲಿಲ್ಲ. ಫ್ರಾನ್ಸ್‌ನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವಾಗಲೇ ಅದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂಬ ಅಂಕವನ್ನು ಬೆಲೆಯ ಪಕ್ಕ ತೋರಿಸಬೇಕು.

ಕಾನೂನಿನ ಕಣ್ಣಿನಲ್ಲಿ ಎರಡು ಬೇರೆ ತಪ್ಪುಗಳು

ಈಗ ಗ್ರಾಹಕ ಆಯೋಗದ ವಿಷಯಕ್ಕೆ ಬರೋಣ. 1986ರ ಕಾಯ್ದೆಯ ಜಾಗದಲ್ಲಿ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಜಾರಿಯಾದದ್ದು 2020ರ ಜುಲೈನಲ್ಲಿ. ಇದರ ಪ್ರಕಾರ ಲ್ಯಾಪ್‌ಟಾಪ್‌ನಲ್ಲಿರುವ ಕುಂದು 'ದೋಷ'. ಅದನ್ನು ಸರಿಪಡಿಸಲು ಸತಾಯಿಸುವುದು 'ಸೇವಾ ನ್ಯೂನತೆ'. ಇವೆರಡೂ ಬೇರೆ ಬೇರೆ. ಲ್ಯಾಪ್‌ಟಾಪ್‌ನ ದೋಷ ಸಾಬೀತಾಗದಿದ್ದರೂ ಮೂರು ತಿಂಗಳು ಅದನ್ನು ಇಟ್ಟುಕೊಂಡು ಉತ್ತರ ಕೊಡದೇ ಇದ್ದದ್ದು ತಾನೇ ಒಂದು ತಪ್ಪಾಗಬಹುದು. ದೂರಿನಲ್ಲಿ ಎರಡನ್ನೂ ಬೇರೆಬೇರೆಯಾಗಿ ಬರೆಯಬೇಕು.

ಮೂರನೆಯದೂ ಒಂದಿದೆ. ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನಗಳಲ್ಲಿ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು 'ಅನುಚಿತ ವ್ಯಾಪಾರ ಪದ್ಧತಿ' ಎನ್ನುತ್ತದೆ ಕಾಯ್ದೆಯ ಸೆಕ್ಷನ್ 2(47). 'ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ' ಎಂದು ಬಿಲ್ ಕೆಳಗೆ ಅಚ್ಚು ಹಾಕಿಸಿದರೆ ದೋಷಪೂರಿತ ವಸ್ತುವಿಗೂ ಅದು ಅನ್ವಯಿಸುತ್ತದೆ ಎಂದು ಅಂಗಡಿಯವರು ನಂಬಿಸುತ್ತಾರೆ, ನಾವೂ ನಂಬುತ್ತೇವೆ.

ಆನ್‌ಲೈನ್‌ನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳೂ ಜೊತೆಗಿವೆ. ದೂರು ಬಂದ 48 ಗಂಟೆಯೊಳಗೆ ಕುಂದುಕೊರತೆ ಅಧಿಕಾರಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಚಾಟ್‌ನಲ್ಲಿ ಸಿಗುವ ಯಂತ್ರದ ಉತ್ತರ ಬಿಟ್ಟು ಈ ಅಧಿಕಾರಿಗೇ ಇಮೇಲ್ ಹಾಕುವುದು ಮೇಲು.

'ನೀವು ಇದನ್ನು ವ್ಯಾಪಾರಕ್ಕೆ ಬಳಸುತ್ತಿದ್ದೀರಿ, ಹಾಗಾಗಿ ಗ್ರಾಹಕರಲ್ಲ' ಎಂಬ ವಾದವನ್ನು ಕಂಪನಿಗಳು ಎತ್ತುವುದುಂಟು. ಮನೆಯಲ್ಲಿ ಕೂತು ವಿಡಿಯೊ ಎಡಿಟಿಂಗ್, ಟ್ಯೂಷನ್, ಡಿಟಿಪಿ ಮಾಡುವವರು ಇದಕ್ಕೆ ಹೆದರುತ್ತಾರೆ. ಹೆದರಬೇಕಿಲ್ಲ. 1995ರ ಲಕ್ಷ್ಮಿ ಎಂಜಿನಿಯರಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಉದಾಹರಣೆ ಟೈಪ್‌ರೈಟರ್‌ನದು. ಟೈಪ್‌ರೈಟರ್ ಕೊಂಡವನು ತಾನೇ ಅದರ ಮುಂದೆ ಕೂತು ಬೇರೆಯವರ ಕೆಲಸ ಮಾಡಿಕೊಟ್ಟು ಜೀವನ ನಡೆಸುತ್ತಿದ್ದರೆ ಅವನು ಗ್ರಾಹಕನೇ ಎಂದಿತು ನ್ಯಾಯಾಲಯ. ಟೈಪ್‌ರೈಟರ್ ಜಾಗಕ್ಕೆ ಲ್ಯಾಪ್‌ಟಾಪ್ ಬಂದಿದೆ, ಮಾತು ಹಾಗೇ ನಿಂತಿದೆ. ಸ್ವಂತ ದುಡಿಮೆಗಾಗಿ ಕೊಂಡದ್ದು ವಾಣಿಜ್ಯ ಉದ್ದೇಶವಲ್ಲ ಎಂದು ಈಗಿನ ಕಾಯ್ದೆಯಲ್ಲೂ ಬರೆದಿದೆ.

ಎಲ್ಲಿ ದೂರು ಕೊಡಬೇಕು?

ಇಲ್ಲಿಯೇ ಕಾನೂನು ನಿಜವಾಗಿಯೂ ಬದಲಾದದ್ದು. ಹಳೆಯ ಕಾಯ್ದೆಯಲ್ಲಿ ಕಂಪನಿ ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆ ದೂರು ಕೊಡಬೇಕಿತ್ತು. ಕಂಪನಿಗೆ ಎಲ್ಲೋ ಒಂದು ಶಾಖೆ ಇದ್ದರೆ ಸಾಲದು ಎಂದು 2009ರಲ್ಲಿ ಸೋನಿಕ್ ಸರ್ಜಿಕಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅಂಬಾಲಾದ ಗೋದಾಮಿಗೆ ಬೆಂಕಿ ಬಿದ್ದಿತ್ತು, ವಿಮೆ ಮಾಡಿಸಿದ್ದೂ ಅಂಬಾಲಾದಲ್ಲೇ. ವಿಮಾ ಕಂಪನಿಯ ಶಾಖೆ ಇದೆಯೆಂದು ಚಂಡೀಗಢದಲ್ಲಿ ಹಾಕಿದ ದೂರು ನಿಲ್ಲಲಿಲ್ಲ.

ಹೊಸ ಕಾಯ್ದೆಯ ಸೆಕ್ಷನ್ 34 ಇದಕ್ಕೆ ಒಂದು ಸಾಲು ಸೇರಿಸಿತು: ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೂ ದೂರು ಕೊಡಬಹುದು. ಧಾರವಾಡದ ವಿದ್ಯಾರ್ಥಿನಿಯೊಬ್ಬಳು ಕೋಲ್ಕತ್ತದ ಬರಾನಗರದಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಕೊಂಡದ್ದು ಕೋಲ್ಕತ್ತದ ಅಂಗಡಿಯಲ್ಲಿ, ಕಂಪನಿ ಬೆಂಗಳೂರಿನದು. ಓದುತ್ತಿರುವಾಗ ಆಕೆ ಕೋಲ್ಕತ್ತದಲ್ಲೇ ದೂರು ಕೊಡಬಹುದು. ಓದು ಮುಗಿಸಿ ಊರಿಗೆ ಮರಳಿ ಅಲ್ಲೇ ನೆಲೆಸಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕೊಡಬಹುದು. ಆಗ ಕೋಲ್ಕತ್ತದ ಅಂಗಡಿಯವರೂ ಬೆಂಗಳೂರಿನ ಕಂಪನಿಯವರೂ ಧಾರವಾಡಕ್ಕೆ ಬಂದು ಅಥವಾ ಅಲ್ಲಿ ವಕೀಲರನ್ನಿಟ್ಟು ಉತ್ತರ ಕೊಡಬೇಕು. ವಾಸದ ಪುರಾವೆ ಕೇಳುತ್ತಾರೆ, ಇಟ್ಟುಕೊಳ್ಳಿ.

ಶುಲ್ಕದ ಚಿಂತೆಯೂ ಇಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕ ಶೂನ್ಯ. ವಕೀಲರು ಕಡ್ಡಾಯವಲ್ಲ. ದೂರನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಇದಕ್ಕೆಂದು 2020ರಲ್ಲಿ ಬಂದ 'ಇ-ದಾಖಿಲ್' ವ್ಯವಸ್ಥೆ 2025ರ ಜನವರಿಯಿಂದ 'ಇ-ಜಾಗೃತಿ' ಪೋರ್ಟಲ್ ಆಗಿದೆ. ವಿಡಿಯೊ ಕಾನ್ಫರೆನ್ಸ್ ಮೂಲಕ ವಿಚಾರಣೆ ಕೇಳಿಕೊಳ್ಳಲು ಕಾಯ್ದೆಯಲ್ಲೇ ಅವಕಾಶವಿದೆ. ಆದರೆ ತೊಂದರೆ ಶುರುವಾದ ಎರಡು ವರ್ಷದೊಳಗೆ ದೂರು ದಾಖಲಾಗಿರಬೇಕು. 'ಮುಂದಿನ ವಾರ ಬನ್ನಿ' ಎಂಬ ಮಾತು ನಂಬಿ ಕೂತವರು ಈ ಗಡುವು ಮರೆಯುತ್ತಾರೆ.

ಸಾಬೀತು ಮಾಡುವ ಹೊರೆ ಯಾರದು?

ಗ್ರಾಹಕರಿಗೆ ಹೆಚ್ಚು ಪೆಟ್ಟು ಬೀಳುವುದು ಇಲ್ಲಿ. ತಪ್ಪು ಕಂಪನಿಯದು ಎಂದು ತೋರಿಸುವ ಹೊರೆ ದೂರುದಾರನ ಮೇಲಿದೆ. 2021ರ ಅಕ್ಟೋಬರ್‌ನಲ್ಲಿ ಎಸ್‌ಜಿಎಸ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಅದು ವಿದೇಶಕ್ಕೆ ಕಳುಹಿಸಿದ ಶೇಂಗಾದ ಗುಣಮಟ್ಟದ ತಗಾದೆ. ಶೇಂಗಾಗೆ ಹೇಳಿದ್ದು ಲ್ಯಾಪ್‌ಟಾಪ್‌ಗೂ ಅನ್ವಯ. ಯುರೋಪಿಯನ್ ಒಕ್ಕೂಟದಲ್ಲಿ ಲೆಕ್ಕ ಉಲ್ಟಾ. 2022ರಿಂದ ಅಲ್ಲಿ ಕೊಂಡ ಒಂದು ವರ್ಷದೊಳಗೆ ಕಾಣಿಸಿದ ದೋಷ ಮೊದಲೇ ಇತ್ತೆಂದು ಭಾವಿಸಲಾಗುತ್ತದೆ, ಇರಲಿಲ್ಲ ಎಂದು ಮಾರಿದವನೇ ತೋರಿಸಬೇಕು. ನಮ್ಮಲ್ಲೂ ಹಾಗಿದ್ದರೆ ಅರ್ಧ ಪ್ರಕರಣಗಳು ಆಯೋಗದ ಮೆಟ್ಟಿಲೇ ಹತ್ತುತ್ತಿರಲಿಲ್ಲವೇನೋ.

ದೋಷವನ್ನು ಪರೀಕ್ಷೆ ಇಲ್ಲದೆ ತಿಳಿಯಲಾಗದಿದ್ದರೆ ಆಯೋಗ ಆ ವಸ್ತುವನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸಬಹುದು. ವರದಿಗೆ 45 ದಿನಗಳ ಗಡುವು, ಪರೀಕ್ಷೆಯ ಶುಲ್ಕವನ್ನು ದೂರುದಾರ ಕಟ್ಟಬೇಕು. ಯಾವ ಪ್ರಯೋಗಾಲಯ ಎಂಬುದು ಆಯೋಗಕ್ಕೆ ಬಿಟ್ಟದ್ದು. ಕೋಲ್ಕತ್ತದ ಸೆಕ್ಟರ್ 5ರಲ್ಲಿರುವ ಇಆರ್‌ಟಿಎಲ್ (ಪೂರ್ವ), ಬೆಂಗಳೂರಿನ ಪೀಣ್ಯದಲ್ಲಿರುವ ಇಟಿಡಿಸಿ ಎರಡೂ ಕೇಂದ್ರ ಐಟಿ ಸಚಿವಾಲಯದ ಅಡಿಯ ಪರೀಕ್ಷಾ ಕೇಂದ್ರಗಳು.

ಎಲ್ಲ ಪ್ರಕರಣಕ್ಕೂ ಪ್ರಯೋಗಾಲಯ ಬೇಕಾಗುವುದಿಲ್ಲ. ವಾರಂಟಿ ಅವಧಿಯಲ್ಲೇ ನಾಲ್ಕು ಬಾರಿ ಅದೇ ದೂರಿಗೆ ಸರ್ವೀಸ್ ಸೆಂಟರ್‌ಗೆ ಹೋಗಿದ್ದರೆ, ಎರಡು ಬಾರಿ ಮದರ್‌ಬೋರ್ಡ್ ಬದಲಿಸಿದ್ದರೆ, ಅದನ್ನು ತೋರಿಸುವ ಕಾಗದಗಳೇ ಬಲವಾದ ಸಾಕ್ಷಿ. ಹಾಗಾಗಿ ಜಾಬ್‌ಶೀಟ್ ಎಂಬ ಆ ತೆಳು ಕಾಗದಕ್ಕೆ ಇಷ್ಟು ಬೆಲೆ. ಲ್ಯಾಪ್‌ಟಾಪ್ ಒಪ್ಪಿಸುವಾಗ ಅದರಲ್ಲಿ 'ಸ್ಲೋ ಇದೆ' ಎಂದು ಒಂದು ಪದ ಬರೆಯಲು ಬಿಡಬೇಡಿ. 'ಒಂದು ಗಂಟೆ ಬಳಸಿದ ಮೇಲೆ ತಾನಾಗಿ ಆಫ್ ಆಗುತ್ತದೆ, ಇದೇ ದೂರಿಗೆ ಮೂರನೇ ಭೇಟಿ' ಎಂದು ಬರೆಸಿ. ಮೈಮೇಲೆ ಗೀರು, ಬಿರುಕು ಇಲ್ಲದಿದ್ದರೆ ಅದನ್ನೂ ಬರೆಸಿ, ಇಲ್ಲವಾದರೆ ವಾಪಸ್ ಬರುವಾಗ ಅದು ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ವಾಪಸ್ ಪಡೆಯುವಾಗ 'ಸಮಸ್ಯೆ ಬಗೆಹರಿದಿದೆ' ಎಂಬ ಜಾಗದಲ್ಲಿ ಕಣ್ಣುಮುಚ್ಚಿ ಸಹಿ ಹಾಕುವವರೇ ಹೆಚ್ಚು. 'ಪರೀಕ್ಷಿಸಿ ನೋಡಿಲ್ಲ' ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿ. ಕೊಡುವ ಮೊದಲು ಕಡತಗಳನ್ನು ಬೇರೆಡೆ ಉಳಿಸಿಕೊಳ್ಳುವುದಂತೂ ನಿಮ್ಮದೇ ಹೊಣೆ, ಡೇಟಾ ಹೋದರೆ ತಾವು ಜವಾಬ್ದಾರರಲ್ಲ ಎಂದು ವಾರಂಟಿ ನಿಯಮಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ.

ಫೋನ್‌ನಲ್ಲಿ ಏನೇ ಭರವಸೆ ಸಿಕ್ಕರೂ ಅದೇ ದಿನ ಇಮೇಲ್ ಹಾಕಿ: 'ಇಂದು ಇಷ್ಟು ಗಂಟೆಗೆ ನಡೆದ ಕರೆಯಲ್ಲಿ ಹತ್ತು ದಿನದೊಳಗೆ ಬಿಡಿಭಾಗ ಬರುತ್ತದೆ ಎಂದು ತಿಳಿಸಿದ್ದೀರಿ, ಟಿಕೆಟ್ ಸಂಖ್ಯೆ ಇಂಥದ್ದು.' ಅವರ ಬಳಿ ಕರೆಯ ರೆಕಾರ್ಡಿಂಗ್ ಇರುತ್ತದೆ, ನಿಮ್ಮ ಬಳಿ ಇರುವುದಿಲ್ಲ. ಈ ಇಮೇಲ್ ಆ ಕೊರತೆ ತುಂಬುತ್ತದೆ.

1915ರಿಂದ ಆದೇಶದವರೆಗೆ

ನೇರವಾಗಿ ಆಯೋಗಕ್ಕೆ ಹೋಗುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಬಹುದು. 17 ಭಾಷೆಗಳಲ್ಲಿ ಸೇವೆಯಿದೆ, ಕನ್ನಡವೂ ಇದೆ. ಕೋಲ್ಕತ್ತದಲ್ಲಿ ಕೂತು ಕನ್ನಡದಲ್ಲೇ ದೂರು ಹೇಳಬಹುದು. ಅವರು ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತಾರೆ. ಅನೇಕ ಬಾರಿ ಅಲ್ಲಿಯೇ ಕೆಲಸ ಆಗುತ್ತದೆ. ಏಕೆಂದರೆ ಅಲ್ಲಿಂದ ಬಂದ ದೂರು ಮಾಮೂಲಿ ಟಿಕೆಟ್ ಸಾಲಿನಲ್ಲಿ ನಿಲ್ಲುವುದಿಲ್ಲ, ಕಂಪನಿಯೊಳಗೆ ಬೇರೆಯವರ ಮೇಜಿಗೆ ಹೋಗುತ್ತದೆ. ಆದರೆ ಸಹಾಯವಾಣಿಗೆ ಆದೇಶ ಮಾಡುವ ಅಧಿಕಾರವಿಲ್ಲ. ಅಲ್ಲಿ ಆಗದಿದ್ದರೆ ಅಂಗಡಿ, ಕಂಪನಿ, ಸರ್ವೀಸ್ ಸೆಂಟರ್ ಮೂವರಿಗೂ ನೋಂದಾಯಿತ ಅಂಚೆಯಲ್ಲಿ ಅಥವಾ ಇಮೇಲ್‌ನಲ್ಲಿ ನೋಟಿಸ್ ಕಳುಹಿಸಿ, 15 ದಿನ ಕೊಟ್ಟು, ಬಳಿಕ ಆಯೋಗಕ್ಕೆ ಹೋಗುವುದು ರೂಢಿ. ದೂರಿನಲ್ಲೂ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಉಳಿದವರು ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆ.

ನೋಟಿಸ್ ಬಂದ 30 ದಿನಗಳಲ್ಲಿ ಎದುರುದಾರರು ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನೂ 15 ದಿನ. ಈ 45 ದಿನಗಳ ಮೇಲೆ ಒಂದು ದಿನವೂ ಇಲ್ಲ ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2020ರ ಮಾರ್ಚ್ 4ರಂದು ಹೇಳಿದೆ. ಪರೀಕ್ಷೆ ಬೇಡದ ಪ್ರಕರಣವನ್ನು ಮೂರು ತಿಂಗಳಲ್ಲಿ, ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ನಿಜದಲ್ಲಿ ಅದಕ್ಕಿಂತ ಬಹಳ ಹೆಚ್ಚು ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಲ್ಯಾಪ್‌ಟಾಪ್ ಹಳೆಯ ಮಾದರಿಯಾಗಿರುತ್ತದೆ. ಆದ್ದರಿಂದ ದೂರಿನಲ್ಲಿ 'ಬದಲಿ ಲ್ಯಾಪ್‌ಟಾಪ್ ಕೊಡಿಸಿ' ಎಂದಷ್ಟೇ ಕೇಳದೆ, 'ಇಲ್ಲವಾದರೆ ಪೂರ್ತಿ ಹಣ ಬಡ್ಡಿ ಸಮೇತ ಕೊಡಿಸಿ' ಎಂದೂ ಕೇಳಬೇಕು. ಮಾನಸಿಕ ಯಾತನೆಗೆ ಪರಿಹಾರ, ದಾವೆಯ ಖರ್ಚು ಎರಡನ್ನೂ ಬೇರೆಬೇರೆಯಾಗಿ ಸೇರಿಸಬೇಕು. ಕೇಳದ್ದನ್ನು ಆಯೋಗ ತಾನಾಗಿ ಕೊಡಿಸುವುದು ಅಪರೂಪ.

ಆದೇಶ ನಿಮ್ಮ ಪರವಾಗಿ ಬಂದರೆ ಕಂಪನಿ 45 ದಿನಗಳಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಕೋಲ್ಕತ್ತದಲ್ಲಿ ದೂರು ಕೊಟ್ಟಿದ್ದರೆ ಪಶ್ಚಿಮ ಬಂಗಾಳದ ರಾಜ್ಯ ಆಯೋಗಕ್ಕೆ, ಧಾರವಾಡದಲ್ಲಿ ಕೊಟ್ಟಿದ್ದರೆ ಕರ್ನಾಟಕ ರಾಜ್ಯ ಆಯೋಗಕ್ಕೆ. ಹಾಗೆ ಹೋಗುವ ಮೊದಲು, ಕೊಡಬೇಕೆಂದು ಆದೇಶವಾದ ಹಣದ ಅರ್ಧವನ್ನು ಠೇವಣಿ ಇಡಬೇಕು. ಮೇಲ್ಮನವಿಗೂ ಹೋಗದೆ, ಹಣವನ್ನೂ ಕೊಡದೆ ಸುಮ್ಮನಿದ್ದರೆ ಸೆಕ್ಷನ್ 72ರ ಅಡಿಯಲ್ಲಿ ಅರ್ಜಿ ಹಾಕಬಹುದು. ಅದರಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 25 ಸಾವಿರದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಈ ಅರ್ಜಿಯ ನೋಟಿಸ್‌ಗೆ ಮಾತ್ರ ಕಂಪನಿಗಳು ಸಾಮಾನ್ಯವಾಗಿ ಬೇಗ ಉತ್ತರ ಕೊಡುತ್ತವೆ.